ಕೇಳಿ ತಂದ ಕಡ್ಡಿ

ಚೆನ್ನಾಜಮ್ಮನ ಮುಖಕ್ಕಿಂತ ಅವಳ ಬೆನ್ನೇ ನನಗೆ ಹೆಚ್ಚು ಪರಿಚಿತವಾಗಿತ್ತು. ನಮ್ಮ ಹಿತ್ತಿಲಿಗೂ ಅವಳ ಹಿತ್ತಿಲಿಗೂ ನಡುವೆ ಸೊಂಟದೆತ್ತರದ ಗೋಡೆ. ಅದರಾಚೆ ಒಗೆಯುವ ಕಲ್ಲಿನ ಬಳಿ ಬಗ್ಗಿಕೊಂಡು ಅವಳು ಬೆಳಗಿನಿಂದ ಸಂಜೆಯವರೆಗೆ ಏನನ್ನಾದರೂ ತಿಕ್ಕುತ್ತಲೇ ಇರುತ್ತಿದ್ದಳು. ಬೆನ್ನು ಕಂಡರೆ ಮಾತಾಡಿಸುವ ಗೋಜಿಲ್ಲ. ಹಾಗಾಗಿ ಅವಳ ದೇಹದಲ್ಲಿ ನಾನು ಮೆಚ್ಚುತ್ತಿದ್ದ ಭಾಗವೆಂದರೆ ಅದೊಂದೇ.

ಅವಳ ಹಿತ್ತಿಲನ್ನು ಕೈತೋಟವೆಂದು ಕರೆಯಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಹಿಡಿ ಮುರಿದ ಬಕೆಟ್ಟು, ತಳ ತೂತಾದ ಕುಕ್ಕರು, ತುಕ್ಕು ಹಿಡಿದ ಎಣ್ಣೆ ಡಬ್ಬ, ಯಾರೋ ಬಿಸಾಕಿದ ವಾಶ್‌ಬೇಸಿನ್ನು, ಹೀಗೆ ಮಣ್ಣು ನಿಲ್ಲುವ ಯಾವ ವಸ್ತು ಸಿಕ್ಕರೂ ಅದರಲ್ಲೊಂದು ಕಡ್ಡಿ ಚುಚ್ಚಿಬಿಡುತ್ತಿದ್ದಳು. ಸಂಜೆಮಲ್ಲಿಗೆಯ ಮೇಲೆ ಬಸಳೆ ಬಳ್ಳಿ ಹತ್ತಿರುತ್ತಿತ್ತು, ಬಸಳೆಯ ಬುಡದಲ್ಲಿ ಕನಕಾಂಬರ ನುಗ್ಗಿರುತ್ತಿತ್ತು. ಗೊಬ್ಬರವೆಂದರೆ ಅಕ್ಕಿ ತೊಳೆದ ನೀರು ಮತ್ತು ಸೋಸಿ ಉಳಿದ ಟೀಪುಡಿ. ಇಷ್ಟಾಗಿಯೂ ಊರೆಲ್ಲ ಬಾಡಿ ಬಸವಳಿಯುವ ಬೇಸಿಗೆಯಲ್ಲಿ ಆ ಗುಜರಿ ಅಂಗಡಿ ನಾಚಿಕೆಯಿಲ್ಲದೆ ಹೂ ಬಿಡುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ನನ್ನ ಕುಂಡಗಳು ದಾರ ಹಿಡಿದಂತೆ ಸಾಲಾಗಿ ನಿಂತಿರುತ್ತಿದ್ದವು. ಪ್ರತಿಯೊಂದಕ್ಕೂ ಶಾಸ್ತ್ರೀಯ ಹೆಸರು ಬರೆದ ತಗಡಿನ ಚೀಟಿ, ನೀರು ಹಾಕಲು ಅಳತೆಯ ಮಗ್ಗು. ಸಾಲಿನ ಕೊನೆಯಲ್ಲಿ, ನೆಲದಲ್ಲೇ, ನನ್ನ ತಾಯಿ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಏಳುಸುತ್ತಿನ ಮಲ್ಲಿಗೆ. ಊರಿನಲ್ಲಿ ಬೇರೆ ಯಾರ ಮನೆಯಲ್ಲೂ ಅದು ಇರಲಿಲ್ಲ. ಇರಬಾರದೆಂದು ನಾನು ನೋಡಿಕೊಂಡಿದ್ದೆ.

ಆ ಊರಿನವರದ್ದೊಂದು ನಂಬಿಕೆಯಿತ್ತು. ಹೂಗಿಡದ ಕಡ್ಡಿಯನ್ನು ಕೇಳಿ ತಂದು ನೆಟ್ಟರೆ ಬೇರು ಬಿಡುವುದಿಲ್ಲ. ಕದ್ದು ತಂದರೇ ಅದು ಚಿಗುರುವುದು. ಕದಿಯುವುದಕ್ಕೂ ಒಂದು ಮರ್ಯಾದೆಯಿತ್ತು. ಯಜಮಾನಿ ಕಂಡರೂ ಕಾಣದವಳಂತೆ ಮುಖ ತಿರುಗಿಸಿ ನಿಲ್ಲಬೇಕು. ಓದು ಬರಹ ಬಲ್ಲವರೂ ಇದನ್ನು ಗಂಭೀರವಾಗಿ ಹೇಳುವುದನ್ನು ಕೇಳಿ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಆದರೆ ಆ ನಂಬಿಕೆಗೆ ನನ್ನಷ್ಟು ಸೇವೆ ಸಲ್ಲಿಸಿದವನು ಇನ್ನೊಬ್ಬನಿರಲಾರ. ಮಲ್ಲಿಗೆಯ ಕಡ್ಡಿ ಕೇಳಿಕೊಂಡು ಯಾರೇ ಬಂದರೂ ಇಲ್ಲವೆನ್ನದೆ ಕೊಡುತ್ತಿದ್ದೆ. ಕೊಡುವ ಮೊದಲು ಅಡುಗೆಮನೆಗೆ ಹೋಗಿ, ಕಡ್ಡಿಯ ಬುಡವನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಒರೆಸಿ, ಕಾಗದದಲ್ಲಿ ಸುತ್ತುತ್ತಿದ್ದೆ. ಬೆಂದ ಕಡ್ಡಿ ಬೇರು ಬಿಡುತ್ತದೆಯೇ?

"ಈ ಸೆಕೆಯಲ್ಲಿ ನೀರು ಯಾಕೋ ಕಾಯಿಸ್ತಿದ್ದೀಯ?" ಎಂದು ಒಮ್ಮೆ ಅಮ್ಮ ಒಳಗಿನಿಂದ ಕೇಳಿದಳು. ಅವಳ ಎರಡೂ ಕಣ್ಣು ಹೋಗಿ ವರ್ಷಗಳಾಗಿದ್ದವು.

"ಕಾಲು ನೋಯ್ತಿದೆಯಮ್ಮ, ಶಾಖ ಕೊಡೋಕೆ" ಎಂದೆ.

"ಯಾರಾದರೂ ಕಡ್ಡಿ ಕೇಳೋಕೆ ಬಂದಾಗಲೇ ನಿನಗೆ ಕಾಲು ನೋವು" ಎಂದಳು. ಅದನ್ನು ಮುದುಕಿಯ ಗೊಣಗಾಟವೆಂದು ಅಲ್ಲಿಗೇ ಬಿಟ್ಟೆ.

ಚೆನ್ನಾಜಮ್ಮ ಮೂರು ಬಾರಿ ಬಂದು ಕೇಳಿದ್ದಳು, ಮೂರು ಬಾರಿಯೂ ಬೇಯಿಸಿದ ಕಡ್ಡಿ ಒಯ್ದಿದ್ದಳು. "ನನ್ನ ಕೈಗುಣ ಸರಿಯಿಲ್ಲ ಮೇಷ್ಟ್ರೇ" ಎಂದು ಸಂಕೋಚಪಟ್ಟುಕೊಂಡಾಗ ನಾನು, "ಕೇಳಿ ತಂದದ್ದು ಬೇರು ಬಿಡಲ್ಲ ಅಂತಾರಲ್ಲ ಚೆನ್ನಾಜಮ್ಮ, ಇದ್ದರೂ ಇರಬಹುದು" ಎಂದು ಸಮಾಧಾನ ಹೇಳಿ ಕಳಿಸಿದ್ದೆ. ಅಂದು ರಾತ್ರಿ ಊಟ ರುಚಿಯಾಗಿತ್ತೆಂದು ನೆನಪು.

ಬೇಸಿಗೆಯ ಪ್ರತಿ ಸಂಜೆ ಒಂದು ಬಟ್ಟಲು ಹೂವನ್ನು ಅಮ್ಮನ ದಿಂಬಿನ ಬಳಿ ಇಡುವುದು ನಮ್ಮ ಮನೆಯ ರೂಢಿ. ಅವಳು ಒಂದೊಂದೇ ಹೂವೆತ್ತಿ ಉಗುರಿನ ತುದಿಯಿಂದ ಎಸಳಿನ ಸುತ್ತುಗಳನ್ನು ಎಣಿಸುತ್ತಿದ್ದಳು. ನಾನು ಹೇಳಹೊರಟಿರುವ ಆ ವರ್ಷ ಅವಳು ಹಾಸಿಗೆ ಹಿಡಿದಿದ್ದಳು. ಇನ್ನು ಆಸ್ಪತ್ರೆಗೆ ಅಲೆಸುವುದು ಬೇಡ, ಕೇಳಿದ್ದು ಕೊಡಿ ಎಂದು ಡಾಕ್ಟರು ಹೇಳಿದ್ದರು. ಅವಳು ಕೇಳುತ್ತಿದ್ದುದು ಒಂದೇ: "ಹೂ ಬಿಡ್ತೇನೋ?"

ಬಿಟ್ಟಿರಲಿಲ್ಲ. ಮೊಗ್ಗು ತಡವಾಯಿತೆಂದು ನನಗೆ ಆತುರ ಹತ್ತಿತು. ಒಂದು ಮಧ್ಯಾಹ್ನ, ಕಾದು ಒಣಗಿದ ಮಣ್ಣಿಗೆ, ಅಳತೆಯ ಎರಡರಷ್ಟು ರಾಸಾಯನಿಕ ಗೊಬ್ಬರ ಸುರಿದೆ. ಹಾಗೆ ಮಾಡಿದರೆ ಬೇರು ಸುಡುತ್ತದೆಂದು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದವನು ನಾನು. ತರಗತಿಯ ಕಡೇ ಬೆಂಚಿನ ದಡ್ಡನೂ ಮಾಡದ ಕೆಲಸ. ಮೂರು ದಿನಕ್ಕೆ ಎಲೆಯಂಚು ಕಂದಿತು, ಹತ್ತು ದಿನಕ್ಕೆ ಗಿಡ ಸೌದೆಯಾಯಿತು. ತಗಡಿನ ಚೀಟಿ ಮಾತ್ರ ಹೊಳೆಯುತ್ತಿತ್ತು.

ಪೇಟೆಯಿಂದ ಮಲ್ಲಿಗೆ ತಂದಿಟ್ಟೆ. ಅಮ್ಮ ಒಂದು ಹೂವೆತ್ತಿ ಉಗುರಾಡಿಸಿದಳು. "ಇದಕ್ಕೆ ಎರಡೇ ಸುತ್ತು. ನಮ್ಮದಲ್ಲ ಕಣೋ" ಎಂದು ಬಟ್ಟಲನ್ನು ದೂರ ಸರಿಸಿದಳು. ನಮ್ಮದಿನ್ನೂ ಮೊಗ್ಗಾಗಿಲ್ಲವೆಂದು ಹೇಳುತ್ತ ದಿನ ತಳ್ಳಿದೆ.

ಒಂದು ಸಂಜೆ ಅವಳು ತಲೆಯೆತ್ತಿ ಮೂಗರಳಿಸಿದಳು. "ಅರಳಿದೆಯಲ್ಲೋ. ಘಮ ಬರ್ತಿದೆ. ನನ್ನ ಹತ್ತಿರ ಯಾಕೆ ಸುಳ್ಳು ಹೇಳ್ತೀಯ? ಕೊಂಬೆಸಮೇತ ತಾ, ಎಲೆನೂ ಮುಟ್ಟಬೇಕು."

ನಾನು ಹಿತ್ತಿಲಿಗೆ ಓಡಿದೆ. ನನ್ನ ಸೌದೆ ಸೌದೆಯಾಗಿಯೇ ಇತ್ತು. ಗೋಡೆಯಾಚೆ, ಒಗೆಯುವ ಕಲ್ಲಿನ ಹಿಂದೆ, ತುಕ್ಕು ಹಿಡಿದ ಎಣ್ಣೆ ಡಬ್ಬದ ತುಂಬ ಏಳುಸುತ್ತಿನ ಮಲ್ಲಿಗೆ ಬಿರಿದು ನಿಂತಿತ್ತು. ಸಾಬೂನಿನ ನೊರೆ ಕುಡಿದು, ಹೆಸರಿನ ಚೀಟಿಯೂ ಇಲ್ಲದೆ.

ಕಳ್ಳಿ, ಎಂದುಕೊಂಡೆ. ಮೈಯೆಲ್ಲ ಉರಿಯಿತು. ಹೋಗಿ ಜಗಳ ತೆಗೆದರೆ ಆ ಮಾತು ಅಮ್ಮನ ಕಿವಿಗೆ ಬಿದ್ದು ನಮ್ಮ ಗಿಡ ಸತ್ತಿದ್ದು ತಿಳಿಯುತ್ತಿತ್ತು. ಒಂದು ಕೊಂಬೆ ಕೊಡಿ ಎಂದು ಕೇಳಬಹುದಿತ್ತು. ಆದರೆ ಕುಕ್ಕರಿನಲ್ಲಿ ಕನಕಾಂಬರ ಬೆಳೆಯುವ ಹೆಂಗಸಿನ ಮುಂದೆ ನಾನು ಕೈಯೊಡ್ಡುವುದೇ? ಅಮ್ಮನಿಗೆ ನಾಳೆ ತರುತ್ತೇನೆ ಎಂದೆ.

ಮರುದಿನ ನಡುಮಧ್ಯಾಹ್ನ, ಬೀದಿಯೆಲ್ಲ ಬಾಗಿಲು ಹಾಕಿಕೊಂಡು ಮಲಗಿದ್ದಾಗ, ಪಂಚೆ ಮೇಲೆ ಕಟ್ಟಿ ಗೋಡೆ ದಾಟಿದೆ. ಮೂರು ಹೂವಿದ್ದ ಕೊಂಬೆಯೊಂದನ್ನು ಮುರಿದೆ. ತಿರುಗಿದರೆ ಹಿತ್ತಿಲ ಬಾಗಿಲಲ್ಲಿ ಚೆನ್ನಾಜಮ್ಮ, ಸೊಂಟದಲ್ಲಿ ಖಾಲಿ ಕೊಡ.

ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ತಿರುಗಿ ಬೈಯಲು ನನ್ನಲ್ಲಿ ಬೇಕಾದಷ್ಟು ಸರಕಿತ್ತು. ಅವಳು ಕೊಡ ಇಳಿಸಿದಳು.

"ಅಮ್ಮೋರಿಗಾ?" ಎಂದಳು.

ಹೂಂಗುಟ್ಟಿದೆ. "ನಿಮ್ಮನ್ನು ಕೇಳೋಣ ಅಂತ" ಎಂದು ಏನನ್ನೋ ಹೇಳಹೊರಟೆ.

"ಬೇಡ ಮೇಷ್ಟ್ರೇ, ಕೇಳಬೇಡಿ. ಕೇಳಿದರೆ ಅದು ಬೇರು ಬಿಡಲ್ಲ. ನಾನು ಮೂರು ಸಲ ನೋಡಿದೀನಲ್ಲ." ಅವಳ ದನಿಯಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. "ನಂದೂ ಒಂದು ತಪ್ಪಾಗಿದೆ. ಎರಡು ವರ್ಷದ ಹಿಂದೆ ನೀವು ಸ್ಕೂಲಿಗೆ ಹೋಗಿದ್ದಾಗ ನಿಮ್ಮ ಗಿಡದಿಂದ ನಾನೇ ಮುರ್ಕೊಂಡೆ. ಅಮ್ಮೋರು ಮೆಟ್ಟಿಲ ಮೇಲೆ ಕೂತಿದ್ದರು, ಹೆಜ್ಜೆ ಸಪ್ಪಳದಲ್ಲೇ ನಾನು ಅಂತ ಗೊತ್ತಾಯ್ತು ಅವರಿಗೆ."

"ಏನಂದಳು?"

"'ನನ್ನ ಮಗನ ಕೈಯಿಂದ ಇಸ್ಕೋಬೇಡ ಚೆನ್ನಾಜಿ, ಈ ಮನೇಲಿ ಬಿಸಿನೀರು ಜಾಸ್ತಿ. ನೀನೇ ಮುರ್ಕೊ' ಅಂದ್ರು. ಹಾಗಂದು ಗೋಡೆ ಕಡೆ ತಿರುಗಿ ಕೂತ್ರು. ಕಣ್ಣೇ ಕಾಣದೋರು, ಆದರೂ ತಿರುಗಿ ಕೂತ್ರು. ಬಿಸಿನೀರಿನ ಮಾತು ನನಗೆ ಇವತ್ತಿಗೂ ಅರ್ಥ ಆಗಿಲ್ಲ ಮೇಷ್ಟ್ರೇ."

ನನಗೆ ಅರ್ಥವಾಗಿತ್ತು. ಆ ಬಿಸಿಲಿನಲ್ಲಿ ನಿಂತು ನನ್ನಷ್ಟು ಕೀಳು ಮನುಷ್ಯನನ್ನು ನಾನು ಕಂಡಿಲ್ಲವೆನ್ನಿಸಿತು. ಊರಿನವರನ್ನೆಲ್ಲ ಮೂಢರೆಂದು ನಕ್ಕವನ ಅಡುಗೆಮನೆಯ ಗುಟ್ಟನ್ನು ಕುರುಡು ತಾಯಿಯೊಬ್ಬಳು ಇಷ್ಟು ವರ್ಷ ತನ್ನೊಳಗೇ ಇಟ್ಟುಕೊಂಡಿದ್ದಳು.

ಮೇಲೆ ಕಟ್ಟಿದ್ದ ಪಂಚೆಯನ್ನು ಇಳಿಬಿಟ್ಟೆ.

ಚೆನ್ನಾಜಮ್ಮ ನನ್ನ ಕೈಯ ಕೊಂಬೆಯನ್ನೊಮ್ಮೆ ನೋಡಿದಳು. "ಅದು ಎಳೇದು, ಅಮ್ಮೋರಿಗೆ ಸಾಕು. ನೆಡೋಕೆ ಬುಡದಲ್ಲಿ ದಪ್ಪದ್ದಿದೆ" ಎಂದಳು. ಆಮೇಲೆ ಕೊಡವನ್ನು ಒಗೆಯುವ ಕಲ್ಲಿನ ಮೇಲಿಟ್ಟು, ನನಗೆ ಬೆನ್ನು ಮಾಡಿ ಬಗ್ಗಿ ನಿಂತು, ಆಗಲೇ ಬೆಳಗಿ ತಂದಿದ್ದ ಆ ಕೊಡವನ್ನು ಮೊದಲಿನಿಂದ ತಿಕ್ಕತೊಡಗಿದಳು.