ನಾಲಿಗೆ ಮಡಚುವ ಆಟ

ನಾನು ಮರಿಸ್ವಾಮಿ, ಮಸ್ಕಿಯವನು. ಹೈದರಾಬಾದಿನಲ್ಲಿ ತಳಿಶಾಸ್ತ್ರ ಓದಿ ಬಂದು, ಆರು ವರ್ಷ ಬೀಜದ ಫಾರಂ ಒಂದರಲ್ಲಿ ಜೋಳದ ತೆನೆಗಳಿಗೆ ಕಾಗದದ ಚೀಲ ಕಟ್ಟಿದವನು. ಗಾಳಿಯಲ್ಲಿ ಪಕ್ಕದ ಹೊಲದ ಪರಾಗ ಬಂದು ಬೆರೆಯಬಾರದೆಂದು ಆ ಚೀಲ. ಸುತ್ತಲಿನ ಊರವರು ನನ್ನನ್ನು ‘ತೆನಿಗೆ ಟೊಪ್ಪಿಗಿ ಹಾಕೋ ಸಾಹೇಬ’ ಎಂದು ನಗುತ್ತಿದ್ದರು. ನಗಲಿ. ಅಲ್ಲಿ ಒಂದು ಸಾಲು ಬರೆಯಬೇಕಾದರೆ ಸಾವಿರ ಗಿಡ ನೋಡುತ್ತಿದ್ದೆ. ನಾನು ಪ್ರಾಮಾಣಿಕನಾಗಿದ್ದ ಕಾಲ ಅದೊಂದೇ ಎಂದು ಈಗ ಅನ್ನಿಸುತ್ತದೆ.

ನಲವತ್ತೆಂಟರಲ್ಲಿ ನಿಜಾಮರ ಆಳ್ವಿಕೆ ಹೋಯಿತು, ಮರುವರ್ಷ ಫಾರಂ ಮುಚ್ಚಿತು. ನನಗೆ ಲಿಂಗಸುಗೂರಿನಲ್ಲಿ ಪ್ರಚಾರದ ಕೆಲಸ ಕೊಟ್ಟರು. ತುಂಗಭದ್ರೆಯ ಕಾಲುವೆ ಸಿಂಧನೂರಿನ ಕಡೆ ಬರಲಿತ್ತು. ಅಷ್ಟರೊಳಗೆ ಹಳ್ಳಿಹಳ್ಳಿಗೆ ಹೋಗಿ ಬೀಜ, ತಳಿ, ವಂಶ ಎಂದರೇನೆಂದು ರೈತರಿಗೆ ತಿಳಿಸಬೇಕು. ಮೊದಲ ವರ್ಷ ನಾನು ಬಾಯಿ ತೆರೆದರೆ ಜನ ಆಕಳಿಸುತ್ತಿದ್ದರು. ನನ್ನ ಸ್ವಂತ ಊರು ಮಸ್ಕಿಯಲ್ಲೇ ಒಬ್ಬ ಮುದುಕ ಭಾಷಣದ ನಡುವೆ ಎದ್ದು, “ತಮ್ಮಾ, ನೀ ಚಲೋ ಹುಡುಗ ಅದಿ. ಆದ್ರ ಎಮ್ಮಿ ಹಿಂಡೋ ಹೊತ್ತಾತು” ಎಂದು ನಡೆದ. ಅವನ ಹಿಂದೆ ಎಮ್ಮೆ ಇಲ್ಲದವರೂ ನಡೆದರು.

ಆಗ ಈ ಆಟ ಹಿಡಿದೆ. ನಾಲಿಗೆಯ ಎರಡೂ ಅಂಚು ಮೇಲೆತ್ತಿ ಕೊಳವೆಯಂತೆ ಮಡಚುವುದು ಕೆಲವರಿಗೆ ಬರುತ್ತದೆ, ಕೆಲವರಿಗೆ ಎಷ್ಟು ತಿಣುಕಿದರೂ ಬರುವುದಿಲ್ಲ. ಅದು ವಂಶದಿಂದ ಇಳಿದು ಬರುವ ಗುಣ, ತಂದೆತಾಯಿ ಇಬ್ಬರಿಗೂ ಬಾರದಿದ್ದರೆ ಮಕ್ಕಳಿಗೂ ಬಾರದು ಎಂದು ಪರದೇಶದ ಪತ್ರಿಕೆಯೊಂದರಲ್ಲಿ ಓದಿದ್ದೆ. ಕೆಲವು ಮನೆಗಳಲ್ಲಿ ಹಾಗಾಗಿಲ್ಲ ಎಂಬ ಮಾತೂ ಅದೇ ಪುಟದಲ್ಲಿತ್ತು. ಅದನ್ನು ಹೇಳಿದರೆ ಆಟದ ರುಚಿ ಕೆಡುತ್ತಿತ್ತು, ಹೇಳಲಿಲ್ಲ. ಸಾವಿರ ಗಿಡ ನೋಡುತ್ತಿದ್ದವನು ಹತ್ತು ಮನೆ ನೋಡಲಿಲ್ಲ.

ಆಟ ಮಾತ್ರ ಗೆದ್ದಿತು. ಗೌಡರು, ಗಾಣಿಗರು, ಮುಲ್ಲಾ, ಪೂಜಾರಿ ಎಲ್ಲರೂ ನಾಲಿಗೆ ಚಾಚಿ ಒಬ್ಬರ ಮುಖ ಒಬ್ಬರು ನೋಡಿ ಬಿದ್ದು ಬಿದ್ದು ನಗುವರು. ಆ ನಗೆಯ ಬೆನ್ನಿಗೆ ನಾನು ಜೋಳದ ಮಾತು ತುರುಕುತ್ತಿದ್ದೆ. ಮೇಲಿನವರು ಬೆನ್ನು ತಟ್ಟಿದರು. ನನಗೆ ಚಪ್ಪಾಳೆಯ ಚಟ ಹತ್ತಿತು.

ಐವತ್ತೊಂದರ ಒಂದು ಸೋಮವಾರ ಗೊರೇಬಾಳಕ್ಕೆ ಹೋದೆ. ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ, ಜನ ಸಿಗುತ್ತಾರೆ. ಚಾವಡಿಯ ಮುಂದೆ ಊರೇ ನೆರೆದಿತ್ತು. ಪಕ್ಕದ ಹೊಲದ ಕೆಟ್ಟ ಜೋಳ ಗಾಳಿಯಲ್ಲಿ ಬಂದು ನಮ್ಮ ತಳಿ ಹೇಗೆ ಕೆಡಿಸುತ್ತದೆ ಎಂದು ಹೇಳಿ, ಆಟ ಶುರು ಮಾಡಿದೆ. ಆರು ವರ್ಷದ ಒಂದು ಹುಡುಗಿ ಮುಂದೆ ಬಂದು ನಾಲಿಗೆಯನ್ನು ವೀಳ್ಯದೆಲೆಯ ಹಾಗೆ ಸುರುಳಿ ಮಾಡಿ ತೋರಿಸಿತು. ಅಷ್ಟು ಚೆಂದದ ಸುರುಳಿ ನಾನು ಕಂಡಿರಲಿಲ್ಲ. ಶಾಬಾಸ್ ಎಂದೆ.

ಹಿಂದಿನಿಂದ ಯಾರೋ ಕೂಗಿದರು: “ಸಾಹೇಬ್ರ, ಇದರ ಅಪ್ಪಗೂ ಬರಂಗಿಲ್ಲ, ಅವ್ವಗೂ ಬರಂಗಿಲ್ಲ! ಈಗ ಇಬ್ರೂ ಮಾಡಿ ನೋಡ್ಯಾರ!”

ಅಲ್ಲೇ ನಿಲ್ಲಿಸಬಹುದಿತ್ತು. ಅಪವಾದ ಇರುತ್ತದೆ ಎಂಬ ಒಂದೇ ಮಾತು ಸಾಕಿತ್ತು, ಅದು ನನಗೆ ಗೊತ್ತೂ ಇತ್ತು. ಆದರೆ ನೂರು ಮುಖಗಳು ನನ್ನ ಬಾಯನ್ನೇ ನೋಡುತ್ತಿದ್ದವು.

“ಹಂಗಾದ್ರ ಪಕ್ಕದ ಹೊಲದ ಗಾಳಿ ಬೀಸಿರಬೇಕು ನೋಡ್ರಿ” ಎಂದೆ.

ನನ್ನ ಜನ್ಮದಲ್ಲಿ ಅಂಥ ನಗೆ ನಾನು ಗಳಿಸಿರಲಿಲ್ಲ. ಒಬ್ಬ ರುಮಾಲು ತೆಗೆದು ಮೇಲೆ ಎಸೆದ. ಹುಡುಗಿಗೂ ಖುಷಿಯಾಗಿ ಇನ್ನೊಮ್ಮೆ ನಾಲಿಗೆ ಮಡಚಿತು. ಹೆಂಗಸರ ಗುಂಪಿನಲ್ಲಿ ಒಬ್ಬಳು ಮಾತ್ರ ಸೆರಗು ಮುಂದಕ್ಕೆಳೆದುಕೊಂಡಳು. ಅದನ್ನೂ ನೋಡಿದೆ. ನೋಡಿಯೂ ಮಾತು ಮುಂದುವರಿಸಿದೆ.

ಎರಡು ತಿಂಗಳ ಮೇಲೆ ಮಸ್ಕಿ ಸಂತೆಯಲ್ಲಿ ಬಳೆ ಮಾರುವ ಸುಭಾನಬಿ ನನ್ನನ್ನು ತಡೆದಳು. ಗೊರೇಬಾಳದ ಎಲ್ಲ ಮನೆಗಳ ಒಳಗಿನ ಸುದ್ದಿ ಗೊತ್ತಿದ್ದವಳು ಅವಳು.

“ಆವತ್ತು ನಾಲಿಗಿ ಮಡಚಿದ್ದ ಹುಡುಗಿ ಅಪ್ಪ ಸೂಗಪ್ಪ ಹೆಂಡ್ತಿನ್ನ ತವರಿಗೆ ಕಳಿಸ್ಯಾನ್ರೀ. ಶೇಖರಮ್ಮ ಮಗಳನ್ನ ಕಟ್ಟಿಕೊಂಡು ಗುರುಗುಂಟಾಕ್ಕ ಹೋಗ್ಯಾಳ. ಆಕಿ ಕೈಗೆ ನಾನ ಬಳಿ ತೊಡಿಸೀನಿ, ಆಕಿ ಎಂಥಾಕಿ ಅಂತ ನನಗ ಗೊತ್ತೈತಿ. ನಿಮ್ಮ ಮಾತು ಆಕಿ ಸಂಸಾರ ಮುರೀತು.”

“ನಾ ಯಾರ ಹೆಸರು ಹೇಳೀನೇನವಾ?” ಎಂದೆ. ಎಂಥ ಹೇಡಿಯ ಮಾತು! ಸುಭಾನಬಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಬುಟ್ಟಿ ಹೊತ್ತು ಹೋದಳು. ಮುಂದಿನ ಎರಡು ವರ್ಷ ನಾನು ಗೊರೇಬಾಳದ ದಾರಿ ಹಿಡಿಯಲಿಲ್ಲ. ಬೇರೆ ಊರುಗಳಲ್ಲಿ ಆಟ ನಡೆದೇ ಇತ್ತು.

ಐವತ್ತಮೂರರಲ್ಲಿ ಹೈದರಾಬಾದಿಗೆ ಹೋದಾಗ ಓದಿದ ಕಾಲೇಜಿನ ಗ್ರಂಥಾಲಯದಲ್ಲಿ ಕೂತೆ. ಅಲ್ಲೊಂದು ಹೊಸ ಲೇಖನ: ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲೂ ಒಬ್ಬನಿಗೆ ನಾಲಿಗೆ ಮಡಚಲು ಬರುತ್ತದೆ, ಇನ್ನೊಬ್ಬನಿಗೆ ಬರುವುದಿಲ್ಲ. ಅವರಿಬ್ಬರ ವಂಶಗುಣ ಒಂದೇ ಆದಮೇಲೆ, ನನ್ನ ನಿಯಮ ನಿಯಮವೇ ಅಲ್ಲ. ಪುಟ ಮುಚ್ಚಿದೆ, ಮತ್ತೆ ತೆರೆದೆ. ಕಿವಿ ಬಿಸಿಯಾಯಿತು. ಸುತ್ತ ಕುಳಿತವರಿಗೆಲ್ಲ ನನ್ನ ಸುದ್ದಿ ಗೊತ್ತಾದಂತೆ ತಲೆ ತಗ್ಗಿಸಿ ಎದ್ದು ಬಂದೆ.

ಮತ್ತೊಂದು ಸೋಮವಾರ, ಅದೇ ಚಾವಡಿ. ಸೂಗಪ್ಪ ಕಂಬಕ್ಕೆ ಒರಗಿ ಕೂತಿದ್ದ. ನಾನು ಕೈ ಮುಗಿದು ಹೇಳಿದೆ: ನಾನು ಹೇಳಿದ್ದು ತಪ್ಪು, ನಾಲಿಗೆ ನೋಡಿ ಯಾರ ಮಗು ಎಂದು ಹೇಳಲಾಗದು, ಅಂದೇ ನನಗೆ ಅನುಮಾನವಿತ್ತು, ನಗಿಸುವ ಆಸೆಗೆ ಮುಚ್ಚಿಟ್ಟೆ. ಅವಳಿಗಳ ವಿಷಯವನ್ನೂ ಬಿಡಿಸಿ ಹೇಳಿದೆ. ಯಾರೂ ನಗಲಿಲ್ಲ. ಯಾರೂ ಆಕಳಿಸಲಿಲ್ಲ.

ಊರ ಹಿರಿಯ ಶಿವಶರಣಪ್ಪ ಎದ್ದುನಿಂತರು. ಕಣ್ಣು ಒದ್ದೆಯಾಗಿತ್ತು. “ನೋಡ್ರೆಪ್ಪಾ, ಇದಕ್ಕ ಅಂತಾರ ದೊಡ್ಡ ಮನಸು. ಒಬ್ಬ ಹೆಣ್ಮಗಳ ಮಾನ ಮುಚ್ಚಾಕ ಸಾಹೇಬ್ರು ತಮ್ಮ ವಿದ್ಯಾನ ಸುಳ್ಳು ಅಂತ ಒಪ್ಪಿಕೊಳ್ಳಾಕತ್ತಾರ!”

“ಅಲ್ರೀ ಯಜಮಾನ್ರ, ಮುಚ್ಚೋ ಮಾತಲ್ಲ, ಖರೇನ ತಪ್ಪೈತಿ” ಎಂದೆ. ಧ್ವನಿ ಏರಿಸಿದೆ. ಬಸವಣ್ಣನ ಆಣೆ ಹಾಕಿದೆ. ಹೇಳಿದಷ್ಟೂ ಅವರು ಕೈ ಮುಗಿದರು. ಯಾರೋ ಓಡಿಹೋಗಿ ಹೂವಿನ ಹಾರ ತಂದು ನನ್ನ ಕೊರಳಿಗೆ ಹಾಕಿದರು. ಸೂಗಪ್ಪ ಎದ್ದು, ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು ಚಾವಡಿ ಇಳಿದು ಹೋದ. ಸಾಹೇಬನ ಮಾತೇ ತಪ್ಪಿರಬಹುದೆಂದು ಅವನಿಗಿದ್ದ ಒಂದಿಷ್ಟು ಸಂಶಯದ ಆಸರೆಯನ್ನೂ ನಾನು ಕಿತ್ತುಕೊಂಡಿದ್ದೆ.

ಮರುದಿನ ಗುರುಗುಂಟಾಕ್ಕೆ ಹೋದೆ. ಶೇಖರಮ್ಮ ತವರಿನ ಅಂಗಳದಲ್ಲಿ ಸಜ್ಜೆ ಕೇರುತ್ತಿದ್ದಳು. ಯಾರೆಂದು ನಾನು ಹೇಳಬೇಕಾಗಲಿಲ್ಲ, ಗುರುತು ಹಿಡಿದಳು. ನಿಂತೇ ಎಲ್ಲ ಹೇಳಿದೆ. ತಪ್ಪು ನನ್ನದು, ನೀವು ಶುದ್ಧರಿದ್ದೀರಿ, ವಿಜ್ಞಾನವೇ ಹಾಗೆ ಹೇಳುತ್ತದೆ ಎಂದೆ. ಆ ಮಾತಿನಲ್ಲೂ ಭಾಷಣದ ವಾಸನೆ ಇತ್ತು.

ಅವಳು ಮೊರ ಕೆಳಗಿಟ್ಟಳು. “ನಾ ಶುದ್ಧ ಅದೀನಿ ಅಂತ ನನಗ ಹೇಳಾಕ ಇಷ್ಟು ದೂರ ಬಂದ್ರೇನ್ರೀ?” ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಅದು ನನಗ ಮೊದಲ ಗೊತ್ತಿತ್ತಲ್ರೀ.”

ಅವಳು ಒಳಗೆ ಹೋಗಿ, ಬಾಗಿಲಿಗೆ ಬಂದವರಿಗೆ ಕೊಡುವಂತೆ ಒಂದು ತಂಬಿಗೆ ನೀರು ತಂದಿಟ್ಟು, ಮತ್ತೆ ಮೊರ ಹಿಡಿದಳು. ಕುಡಿಯುವ ಮುಖ ನನಗಿರಲಿಲ್ಲ. ಬಾಯಾರಿತ್ತು, ಕುಡಿದೆ.