ಹಿರಿಮಗ ಕೂರಿಸಿಕೊಟ್ಟ ಸ್ವಿಚ್ಚುಗಳು

ಬೆಳಕಿನ ಮಾತು ಮೊದಲು ಎತ್ತಿದವಳು ನನ್ನ ಕಿರಿಸೊಸೆ ಬೆರ್ಮೆತ್. ಆಗ ಅವಳ ಮಗು ಇನ್ನೂ ಕತ್ತು ನಿಲ್ಲದ ಕೂಸು. ಹಾಲೂಡಿಸಲು ಎದ್ದು ಸ್ವಿಚ್ ಒತ್ತಿದರೆ ಮಲಗುವ ಕೋಣೆಯ ದೀಪ ಕಣ್ಣಿಗೆ ರಾಚುತ್ತಿತ್ತು. ಅರೆನಿದ್ದೆಯಲ್ಲೇ ಎದೆ ಹುಡುಕುತ್ತಿದ್ದ ಕೂಸು ಪೂರ್ತಿ ಎಚ್ಚರವಾಗಿ ಮನೆ ಹಾರಿಹೋಗುವಂತೆ ಅಳುತ್ತಿತ್ತು.

"ಅತ್ತೆ, ತಿರುಗಿಸಿದ್ರೆ ಬೆಳಕು ಕಮ್ಮಿ ಆಗತ್ತಲ್ಲ, ಅಂಥದ್ದೊಂದು ಸ್ವಿಚ್ ಹಾಕಿಸ್ಕೊಡಿ. ನಮ್ಮ ಕೋಣೆಗೊಂದೇ ಸಾಕು" ಅಂದಳು.

ಹಾಕಿಸಿಕೊಡುವವನು ಮನೆಯಲ್ಲೇ ಇದ್ದ ಹಾಗೆ. ನನ್ನ ಹಿರಿಮಗ ಮಿರ್ಲಾನ್‌ಗೆ ನಮ್ಮೂರು ಬಿಷ್ಕೆಕ್‌ನ ಕಟ್ಟಡ ಸಾಮಾನಿನ ಬಜಾರಿನಲ್ಲಿ ಅಂಗಡಿಯಿತ್ತು. ದೀಪ, ವೈರು, ಸ್ವಿಚ್ಚು ಮಾರುತ್ತಿದ್ದ, ಕರೆದರೆ ಮನೆಗೆ ಬಂದು ಜೋಡಿಸಿಯೂ ಕೊಡುತ್ತಿದ್ದ. ಅವನು ಹೆಂಡತಿ ಎಲ್ನುರಾಳ ಜೊತೆ ಊರಿನ ತೆಂಕು ದಿಕ್ಕಿನ ಹೊಸ ಬಡಾವಣೆಯಲ್ಲಿದ್ದ. ನಾನು ನಮ್ಮ ಪದ್ಧತಿಯಂತೆ ಕಿರಿಮಗ ಸಂಜಾರ್ ಜೊತೆಗೆ, ನನ್ನ ಗಂಡನಿಗೆ ಕಾರ್ಖಾನೆಯವರು ಕೊಟ್ಟಿದ್ದ ಹಳೆಯ ಫ್ಲ್ಯಾಟಿನಲ್ಲೇ ಇದ್ದೆ.

ನಾನು ಫೋನ್ ಮಾಡಿದ ವಾರದಲ್ಲೇ ಮಿರ್ಲಾನ್ ದೊಡ್ಡ ಡಬ್ಬ ಹೊತ್ತು ಬಂದ. ಊಟದ ಮೇಜಿನ ಮೇಲೆ ಸ್ವಿಚ್ಚುಗಳನ್ನು ಮಿಠಾಯಿಯಂತೆ ಹರಡಿದ. ಗಾಜಿನ ಮುಖದ್ದು, ಬಿಳಿಯದ್ದು, ಕರಿಯದ್ದು.

"ತಿರುಗಿಸೋದಾ? ಯಾವ ಕಾಲದಲ್ಲಿದ್ದೀರಮ್ಮ ಎಲ್ರೂ!" ಅಂದ. "ಇದು ಸ್ಮಾರ್ಟ್. ಬೆರಳಿಟ್ರೆ ಇಳಿಯತ್ತೆ, ಫೋನಲ್ಲಿ ಹೇಳಿದ್ರೂ ಇಳಿಯತ್ತೆ. ಇಷ್ಟು ಹೊತ್ತಿಗೆ ಇಷ್ಟೇ ಬೆಳಕಿರಲಿ ಅಂದ್ರೆ ಹಾಗೇ ಇರತ್ತೆ."

ಬೆರ್ಮೆತ್ ಅಡುಗೆಮನೆ ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು. "ಭಾವ, ನಂಗೆ ಸಾದಾ ಒಂದು ಸಾಕಿತ್ತು."

"ಸಾದಾ ಕೊಟ್ರೆ ನಾಳೆ ನೀನೇ ಬೈತೀಯ. ಇಡೀ ಮನೆಗೇ ಹಾಕ್ತೀನಿ. ತಮ್ಮಂಗೆ ಮಗಳು ಹುಟ್ಟಿದ್ದಕ್ಕೆ ನನ್ನ ಉಡುಗೊರೆ. ಕಾಸಿನ ಮಾತೆತ್ತಿದ್ರೆ ಅಮ್ಮನಾಣೆ ಎದ್ದು ಹೋಗ್ತೀನಿ."

ಉಡುಗೊರೆಯನ್ನು ಸೊಸೆ ಬೇಡ ಅನ್ನುವಂತಿಲ್ಲ. ಒಳಗೆ ಹೋದಳು. ನನಗಂತೂ ಎದೆಯುಬ್ಬಿತ್ತು.

ಕೆಲಸ ಸುಲಭವಿರಲಿಲ್ಲ. ಒಳ್ಳೆಯ ಸ್ವಿಚ್ಚಿಗೆ ಗೋಡೆಯ ಡಬ್ಬಿಯಲ್ಲಿ ಇನ್ನೊಂದು ತಂತಿ ಬೇಕಂತೆ. ನಮ್ಮ ಕಾಲದ ಮನೆಗಳಲ್ಲಿ ಅಲ್ಲಿಗೆ ಬರುವುದು ಎರಡೇ. ಗೋಡೆ ಕೊರೆದು ಹೊಸ ತಂತಿ ಎಳೆಯಬೇಕು, ಇಲ್ಲವೇ ಎರಡರಲ್ಲೇ ನಡೆಯುವ ಜಾತಿಯದನ್ನು ಹಾಕಬೇಕು. ಕೊರೆಯುವುದು ಬೇಡ, ಕೂಸಿದೆ ಅಂದೆ. ಮಿರ್ಲಾನ್ ಎರಡನೆಯದನ್ನೇ ಆರಿಸಿದ. ದೀಪ ಮಿಣಮಿಣ ಅನ್ನದಿರಲೆಂದು ಪ್ರತಿ ದೀಪದ ಬುಡದಲ್ಲೂ ಬೆರಳ ತುದಿಯಷ್ಟು ದೊಡ್ಡ ಏನನ್ನೋ ಸಿಕ್ಕಿಸಿದ. ಹಳೆಯ ಬಲ್ಬುಗಳು ಬೆಳಕು ಇಳಿಸಿದರೆ ಗುಂಯ್‌ಗುಟ್ಟುತ್ತವೆಂದು ಅವನ್ನೂ ಬದಲಿಸಿದ. ಬಾಗಿಸಿದರೆ ಮುರಿಯುವ ಹಳೆಯ ಅಲ್ಯೂಮಿನಿಯಂ ತಂತಿಗಳನ್ನು ಹೆಣ್ಣುಮಕ್ಕಳ ಜಡೆ ಬಿಡಿಸುವಷ್ಟು ನಾಜೂಕಾಗಿ ಬಿಡಿಸಿದ. ಸುಳ್ಳೇಕೆ ಹೇಳಲಿ, ಕೆಲಸ ಚೊಕ್ಕವಾಗಿತ್ತು.

ಕೊನೆಗೆ ಸೋಫಾದ ಮೇಲೆ ಕಾಲು ಚಾಚಿ, ಒಂದೊಂದೇ ಕೋಣೆಯ ಹೆಸರನ್ನು ತನ್ನ ಫೋನಿಗೆ ತುಂಬಿದ. ಅಮ್ಮನ ಕೋಣೆ. ಅಡುಗೆಮನೆ. ಬಾತ್‌ರೂಮು. ಸಂಜಾರನ ಕೋಣೆ.

"ಎಲ್ಲಾ ನಿನ್ನ ಫೋನಲ್ಲೇ ಯಾಕೋ?" ಅಂತ ಕೇಳಿದೆ.

"ಮೊದ್ಲು ನಂದ್ರಲ್ಲಿ ಎಬ್ಬಿಸ್ಬೇಕಮ್ಮ. ಆಮೇಲೆ ಇವನಿಗೆ ದಾಟಿಸ್ತೀನಿ."

ಸಂಜಾರನ ಫೋನಿಗೂ ಬಂತು. ಆದರೆ ಮಿರ್ಲಾನ್‌ನದರಿಂದ ಹೋಗಲಿಲ್ಲ.

ಮೊದಮೊದಲು ಬೆರ್ಮೆತ್‌ಗೆ ಸುಖವಾಯಿತು. ಜೇನಿನ ಬಣ್ಣದ ಚೂರು ಬೆಳಕಲ್ಲಿ ಕೂಸು ಕಣ್ಣು ಮುಚ್ಚಿಕೊಂಡೇ ಹಾಲು ಕುಡಿದು ಮಲಗುತ್ತಿತ್ತು. "ಭಾವಂಗೆ ಒಳ್ಳೇದಾಗ್ಲಿ" ಅಂದಳು ನನ್ನ ಹತ್ತಿರ. ಆಮೇಲೆ ದೀಪಕ್ಕೆ ಹುಚ್ಚು ಹಿಡಿಯಿತು. ಅವಳು ಬೆಳಕು ಇಳಿಸಿ ಕೂತ ಹೊತ್ತಿಗೇ ಅದು ಭಗ್ಗನೆ ಪೂರ್ತಿ ಉರಿಯುವುದು. ಕೂಸು ಬೆಚ್ಚಿ ಚೀರುವುದು. ಇಳಿಸಿದರೆ ಮತ್ತೆ ಏರುವುದು. ಮಿರ್ಲಾನ್‌ಗೆ ಫೋನ್ ಮಾಡಿದರೆ, "ಹಳೇ ಮನೆ, ಹಳೇ ವೈರು, ವೋಲ್ಟೇಜ್ ಏರುಪೇರಮ್ಮ, ನಾನೇನ್ಮಾಡ್ಲಿ" ಅನ್ನುತ್ತಿದ್ದ. ಬೆರ್ಮೆತ್ ಕೂಸನ್ನೆತ್ತಿಕೊಂಡು ಹಜಾರದಲ್ಲಿ ಮಲಗತೊಡಗಿದಳು. ಕಣ್ಣ ಕೆಳಗೆ ಕಪ್ಪಾಯಿತು. ಎದೆಹಾಲು ಕಡಿಮೆಯಾಯಿತು.

ಆ ದಿನಗಳಲ್ಲೇ ಒಮ್ಮೆ ಮಿರ್ಲಾನ್ ಫೋನಿನಲ್ಲಿ, "ಅಮ್ಮ, ಕಿಡ್ನಿ ತೋರಿಸ್ಕೋ. ರಾತ್ರಿ ಎಷ್ಟು ಸಲ ಏಳ್ತೀಯ!" ಅಂದ. ಸಂಜಾರ್ ಹೇಳಿರಬೇಕು ಅಂದುಕೊಂಡೆ. ಎದುರುಮನೆಯ ಟಮಾರಾ ಮುಂದೆ ಹೇಳಿಕೊಂಡು ಹಿಗ್ಗಿದೆ. ನೋಡು, ದೂರವಿದ್ದರೂ ತಾಯಿಯ ಆರೋಗ್ಯ ಅವನಿಗೆ ಗೊತ್ತು ಅಂತ.

ಅವತ್ತು ಭಾನುವಾರ. ಮಕ್ಕಳನ್ನು ಎಲ್ನುರಾಳ ಅಕ್ಕನ ಮನೆಯಲ್ಲಿ ಬಿಟ್ಟು ಮಿರ್ಲಾನ್, ಎಲ್ನುರಾ ಇಬ್ಬರೂ ಊಟಕ್ಕೆ ಬಂದಿದ್ದರು. ಹಿಟ್ಟಿನ ಎಳೆಗಳ ಮೇಲೆ ಬಡಿಸುವ ಬೆಶ್‌ಬರ್ಮಾಕ್‌ಗೆ ಮಾಂಸ ಬೇಯುತ್ತಿತ್ತು. ಅಲ್ಲಿಯವರೆಗೆ ಊಟಕ್ಕೆ ಹಾಸುವ ದಸ್ತರ್‌ಖಾನಿನ ಬಟ್ಟೆಯ ಮೇಲೆ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಬೋರ್ಸೋಕ್, ಜಾಮು, ಕೆನೆ ಇಟ್ಟಿದ್ದೆವು. ಬೆರ್ಮೆತ್ ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದರಲ್ಲಿ ಚಹಾ ಬಗ್ಗಿಸುತ್ತಿದ್ದಳು. ಮಿರ್ಲಾನ್ ಒಂದೆರಡು ಸುತ್ತು ವೋಡ್ಕಾ ಏರಿಸಿದ್ದ. ತಮ್ಮನ ತೊಡೆಗೆ ಚಪ್ಪರಿಸಿ ಹೇಳಿದ.

"ಏನೋ, ಗುರುವಾರ ಸಂಜೆ ಹತ್ತು ಪರ್ಸೆಂಟಿಗೆ ಇಳಿಸಿದ್ದೆಯಲ್ಲೋ! ಕೂಸಿನ್ನೂ ಕೂತಿಲ್ಲ, ಆಗ್ಲೇ ಎರಡನೇದಕ್ಕೆ ತಯಾರಿನಾ?"

ಬೆರ್ಮೆತ್ ಕೈಯ ಕೆಟಲ್ ನಿಂತಿತು.

ನನಗೆ ಮೊದಲು ಅರ್ಥವಾಗಲಿಲ್ಲ. "ನಿಂಗೆ ಹೇಗೆ ಗೊತ್ತು?" ಅಂದೆ.

"ಗೊತ್ತಾಗ್ದೆ ಏನಮ್ಮ? ನೋಡು." ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದ. ನನ್ನ ಮನೆ ಅದರೊಳಗಿತ್ತು. ಒಂದೊಂದು ಕೋಣೆಗೆ ಒಂದೊಂದು ಚೌಕ. ಯಾವ ಹೊತ್ತಿಗೆ ಹತ್ತಿತು, ಯಾವ ಹೊತ್ತಿಗೆ ಆರಿತು, ಎಷ್ಟಕ್ಕೆ ಇಳಿಯಿತು, ಸಾಲು ಸಾಲಾಗಿ. "ಇಲ್ಲಿ ನೋಡು, ಇದು ನೀನು ಬಾತ್‌ರೂಮಿಗೆ ಹೋಗಿದ್ದು. ಇದು ಇವರ ಕೋಣೆ. ಹೀಗೆ ಎಳೆದ್ರೆ..." ಬೆರಳು ಜಾರಿಸಿದ. ಮಲಗುವ ಕೋಣೆಯ ತೆರೆದ ಬಾಗಿಲಿನಿಂದ ಹಗಲಲ್ಲೂ ಕಣ್ಣು ಕುಕ್ಕುವ ಬೆಳಕು ಭಗ್ಗನೆ ಹೊರಬಿತ್ತು.

"ಅಂದ್ರೆ ಇಷ್ಟು ದಿನ ನೀನೇನಾ?"

"ತಮಾಷೆಗಮ್ಮ!" ನಗು ತಡೆಯಲಾರದೆ ಕೆಮ್ಮಿದ. "ಇವರು ಇಳಿಸೋದು, ನಾನು ಏರಿಸೋದು. ಇವರು ಇಳಿಸೋದು, ನಾನು ಏರಿಸೋದು. ಊರಿನ ಹಬೆಸ್ನಾನದಮನೇಲಿ ನಮ್ಮ ದೋಸ್ತಿಗಳು ಫೋನ್ ಕಿತ್ಕೊಂಡು ಕಿತ್ಕೊಂಡು ಆಡಿದ್ರು. ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು."

ನಾನು ಮೂವತ್ತು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ಸೂಲಗಿತ್ತಿಯಾಗಿದ್ದವಳು. ರಕ್ತ, ಕೀವು, ಮಲ ಯಾವುದಕ್ಕೂ ನಾನು ಮೂಗು ಮುಚ್ಚಿದವಳಲ್ಲ. ಅವತ್ತು ನನ್ನ ಮಗನ ಎಣ್ಣೆ ಹತ್ತಿದ ಬೆರಳು ಆ ಗಾಜಿನ ಮೇಲೆ ನನ್ನ ಸೊಸೆಯ ಕೋಣೆಯನ್ನು ಸವರುವುದನ್ನು ನೋಡಲಾಗದೆ ಮುಖ ತಿರುಗಿಸಿದೆ. ಸ್ನಾನದಮನೆಯ ಹಬೆಯಲ್ಲಿ ಬೆತ್ತಲೆ ಕೂತ ಗಂಡಸರು, ಬಿಯರ್ ಬಾಟಲಿ, ಒಣಮೀನು, ಅವರ ಒದ್ದೆ ಕೈಗಳಿಂದ ಕೈಗೆ ದಾಟುತ್ತಿರುವ ಆ ಕೋಣೆ. ಅತ್ತ ಅವಳು ಎದೆ ತೆರೆದು ಕೂಸಿಗೆ ಹಾಲು ಕೊಡುತ್ತಿರುವಳು. ಇಷ್ಟೂ ನನ್ನ ಕಣ್ಣಿಗೆ ಕಟ್ಟಿತು. ಬಾಯಲ್ಲಿದ್ದ ಬೋರ್ಸೋಕ್ ನುಂಗಲಾಗದೆ ಕೈಗೆ ಉಗಿದೆ.

ಸಂಜಾರ್ ತಲೆ ತಗ್ಗಿಸಿಕೊಂಡು ಹೆ ಹೆ ಎಂದು ನಗುತ್ತಿದ್ದ.

ಬೆರ್ಮೆತ್ ಗಂಡನ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ?"

"ಅಣ್ಣ ತಮಾಷೆ ಮಾಡ್ತಾನೆ, ನೀನೊಬ್ಳು..."

"ಗೊತ್ತಿತ್ತಾ ಅಂತ ಕೇಳ್ದೆ."

"ಒಂದ್ಸಲ ಹೇಳಿದ್ದ. ಸಾಕು ಬಿಡಣ್ಣ ಅಂದಿದ್ದೆ." ಜಾಮಿನ ಬಟ್ಟಲಿನೊಳಗೆ ಚಮಚ ತಿರುಗಿಸಿದ. "ಬಿಟ್ಟಿದಾನೆ ಅಂದ್ಕೊಂಡೆ."

ಬಿಟ್ಟಿಲ್ಲ ಅಂತ ಅವನಿಗೂ ಗೊತ್ತಿತ್ತು. ಹೆಂಡತಿ ಹಜಾರದಲ್ಲಿ ಹಾಸಿಗೆ ಹಾಸಿಕೊಂಡಾಗ ಅದೇ ಬಾಯಲ್ಲಿ ವೋಲ್ಟೇಜು, ವೋಲ್ಟೇಜು ಅನ್ನುತ್ತಿದ್ದ. ಹಿರಿಯವನು ಎಮ್ಮೆಯಂತೆ ಕೊಳಚೆಯಲ್ಲಿ ಹೊರಳಿದ್ದ. ಕಿರಿಯವನು ದಡದಲ್ಲಿ ನಿಂತು ನೋಡಿದ್ದ. ಯಾರಿಗೆ ಹೆಚ್ಚು ಹೇಸಬೇಕೋ ನನಗೆ ತಿಳಿಯಲಿಲ್ಲ.

ಬೆರ್ಮೆತ್ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಗಂಡನ ಅಣ್ಣನ ಹೆಸರನ್ನು ನಮ್ಮ ಮನೆಗಳ ಸೊಸೆ ಬಾಯಲ್ಲಿ ತರುವುದಿಲ್ಲ, ಅವನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದಿಲ್ಲ. ಅವಳು ಎರಡನ್ನೂ ಮಾಡಿದಳು.

"ಮಿರ್ಲಾನ್, ನೀನು ಹೊಲಸು ಮನುಷ್ಯ."

ಕಿರುಚಲಿಲ್ಲ. ಹೇಳಿದಳು ಅಷ್ಟೆ. ಕೋಣೆಗೆ ಹೋಗಿ ಕೂಸಿನ ಬಟ್ಟೆ ಚೀಲಕ್ಕೆ ತುಂಬತೊಡಗಿದಳು.

ಮಿರ್ಲಾನ್‌ನ ಮುಖ ಕೆಂಪಾಯಿತು. "ಕೇಳಿದ್ಯಾ ಅಮ್ಮ? ಹೆಸರು ಹಿಡಿದು ಕರೀತಾಳೆ! ನಿನ್ನ ಸೊಸೆ! ನಾನು ಇವಳಿಗೆ ಇಡೀ ಮನೆಗೆ ಬಿಟ್ಟಿ ಹಾಕ್ಕೊಟ್ಟಿದ್ದಕ್ಕೆ..."

"ಬಿಚ್ಚು" ಅಂದೆ.

"ಏನು?"

"ಸ್ವಿಚ್ಚು. ಎಲ್ಲಾ. ಈಗ್ಲೇ ಬಿಚ್ಚು."

"ಅಮ್ಮ, ಫೋನಿಂದ ಅಳಿಸಿದ್ರೆ ಮುಗೀತು. ನೋಡು, ಅಳಿಸ್ತೀನಿ, ನಿನ್ನೆದುರಿಗೇ."

"ನಿನ್ನ ಫೋನನ್ನ ನನ್ನ ಕಣ್ಣಿಗೆ ತೋರಿಸ್ಬೇಡ. ಗೋಡೆಯಿಂದ ಕಿತ್ತು ತೆಗಿ. ಹಳೇವು ಬಾಲ್ಕನೀಲಿ ಇವೆ, ಹಾಕು. ಆಮೇಲೆ ಹೋಗು."

"ಊಟ ಮಾಡ್ದೆ?"

ನಾನು ಅವನ ಬಟ್ಟಲಿಗೆ ಚಹಾ ಸುರಿದೆ. ನಮ್ಮಲ್ಲಿ ಮನೆಯವರಿಗೂ ನೆಂಟರಿಗೂ ಕೊಡುವುದು ಅರ್ಧ ಬಟ್ಟಲು, ಮತ್ತೆ ಮತ್ತೆ ಕೊಡುತ್ತಿರಬೇಕು. ತುಂಬಿಸಿ ಕೊಟ್ಟರೆ ಕುಡಿದು ಎದ್ದು ನಡೆ ಅಂತ. ನಾನು ಅಂಚು ಮೀರಿ ಬಟ್ಟೆಯ ಮೇಲೆ ಹರಿಯುವವರೆಗೂ ಸುರಿದೆ. ಮಿರ್ಲಾನ್ ಬಟ್ಟಲು ನೋಡಿದ, ನನ್ನನ್ನು ನೋಡಿದ. ಎದ್ದು ಮೀಟರ್ ಡಬ್ಬದ ಕಡೆ ಹೋಗಿ ಕರೆಂಟು ತೆಗೆದ.

ಅವನು ಗೊಣಗುತ್ತಾ ಸ್ಕ್ರೂ ತಿರುಗಿಸುತ್ತಿದ್ದಾಗ ನಾನು ಅಡುಗೆಮನೆಯಲ್ಲಿ ಕಿಟಕಿಗೆ ಮುಖ ಮಾಡಿ ನಿಂತಿದ್ದೆ. ಮಾಂಸದ ವಾಸನೆ ತಡೆಯಲಾಗುತ್ತಿರಲಿಲ್ಲ. ಹಿಂದಿನಿಂದ ಎಲ್ನುರಾ ಬಂದಳು. ಹದಿನಾಲ್ಕು ವರ್ಷದಿಂದ ನನ್ನ ಹಿರಿಸೊಸೆ. ನಾಲ್ಕು ಮಾತಿಗೆ ಒಂದು ಮಾತಾಡುವವಳು.

"ನಮ್ಮನೇಲೂ ಹೀಗೇ ಅತ್ತೆ" ಅಂದಳು.

"ಏನು ಹೀಗೇ?"

"ನಾನು ಅಕ್ಕನ ಹತ್ರ ಫೋನಲ್ಲಿ ಜಾಸ್ತಿ ಹೊತ್ತು ಮಾತಾಡಿದ್ರೆ ಅಂಗಡೀಲಿ ಕೂತೇ ಅಡುಗೆಮನೆ ದೀಪ ಆರಿಸ್ತಾರೆ. ಸಾಕು ಅಂತ. ಸ್ನಾನ ಮಾಡುವಾಗ್ಲೂ ಆರಿಸ್ತಾರೆ. ನೀರು ದಂಡ ಅಂತ." ಗಂಜಿ ಕಾಯಿಸಿದ್ದು ಉಕ್ಕಿತು ಅನ್ನುವಷ್ಟೇ ಸಾಧಾರಣ ದನಿಯಲ್ಲಿ ಹೇಳಿದಳು. "ಕತ್ತಲಲ್ಲಿ ಸೋಪು ತೊಳ್ಕೊಳೋದು ಅಭ್ಯಾಸ ಆಗ್ಬಿಟ್ಟಿದೆ. ನಮ್ಮನೇದೂ ಬಿಚ್ಚಿಸಿ ಕೊಡ್ತೀರಾ ಅತ್ತೆ?"

ಅವಳ ಕಡೆ ತಿರುಗಿದೆ. "ಇಲ್ಲೇ ಇದ್ದುಬಿಡು" ಅಂದೆ. "ಬೆರ್ಮೆತ್ ಜೊತೆ ನೀನೂ ಹೋಗು. ಏನಾದ್ರೂ ಮಾಡು."

"ಮಕ್ಕಳು ಶಾಲೆಯಿಂದ ಬರ್ತಾರಲ್ಲ ನಾಳೆ" ಅಂದಳು. ಸೌಟು ತೆಗೆದು ಮಾಂಸದ ನೊರೆ ತೆಗೆದಳು.

ಮಿರ್ಲಾನ್ ಹಳೆಯ ಸ್ವಿಚ್ಚು ಹಾಕಿದ. ಒಂದೂ ನೆಟ್ಟಗೆ ಕೂರಿಸಲಿಲ್ಲ, ಬೇಕೆಂದೇ. ಹೋಗುವಾಗ ಕಿತ್ತವನ್ನೆಲ್ಲ ಎಣಿಸದೆ ಡಬ್ಬಕ್ಕೆ ಸುರಿದು, "ಈ ಮನೇಲಿ ಯಾರಿಗೂ ತಮಾಷೆ ಗೊತ್ತಾಗಲ್ಲ" ಅಂದ. ಎಲ್ನುರಾ ಅವನ ಹಿಂದೆ ಇಳಿದುಹೋದಳು. ಬೆರ್ಮೆತ್‌ಳನ್ನು ನಾನೇ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ ಕಾರಾ-ಬಾಲ್ತಾದ ಮಿನಿಬಸ್ಸು ಹತ್ತಿಸಿದೆ. ಅಲ್ಲಿ ಅವಳ ತವರು. ಸಂಜಾರ್ ಚೀಲ ಹೊರಲು ಬಂದ. ಅವಳು ಕೊಡಲಿಲ್ಲ.

ಮನೆಗೆ ಬಂದು ಬೆಂದ ಮಾಂಸವನ್ನೆಲ್ಲ ಟಮಾರಾಳಿಗೆ ಕೊಟ್ಟೆ. ನನಗೆ ಸೇರಲಿಲ್ಲ. ಮಲಗುವ ಮುಂಚೆ ಬಾತ್‌ರೂಮಿಗೆ ಹೋದವಳು ದೀಪ ಹಾಕಲೆಂದು ಕೈಯೆತ್ತಿ ಹಾಗೇ ನಿಂತೆ. ಎಷ್ಟು ರಾತ್ರಿ ನನ್ನನ್ನೂ ಎಣಿಸಿದ್ದನೋ. ಅದನ್ನೂ ಆ ಹಬೆಯಲ್ಲಿ ಕೂತವರ ಮುಂದೆ ಹೇಳಿ ನಕ್ಕಿದ್ದನೋ.

ಬೆರ್ಮೆತ್ ಚಳಿಗಾಲ ಪೂರ್ತಿ ತವರಲ್ಲಿದ್ದಳು. ಸಂಜಾರ್ ವಾರವಾರ ಹೋದ. ಮೊದಲು ಅವಳ ಅಪ್ಪ ಅವನನ್ನು ಬಾಗಿಲಲ್ಲೇ ನಿಲ್ಲಿಸಿದರು, ಆಮೇಲೆ ಕೂರಿಸಿದರು. ನಾನು ಅವನ ಪರವಾಗಿ ಒಂದು ಮಾತೂ ಆಡಲಿಲ್ಲ. ಕೊನೆಗೆ ಅವಳು ಬಂದಳು. ನನಗೋಸ್ಕರವೂ ಅಲ್ಲ, ಅವನಿಗೋಸ್ಕರವೂ ಅಲ್ಲ, ಅವಳ ಕೆಲಸ ಇಲ್ಲಿತ್ತು, ಅದಕ್ಕೆ. ಬಂದವಳೇ ಹೇಳಿದಳು, "ನಿಮ್ಮ ಹಿರಿಮಗ ಬಂದಾಗ ನಾನು ಚಹಾ ಕೊಡಲ್ಲ ಅತ್ತೆ." ಕೊಡಬೇಡ ಅಂದೆ.

ಸಂಜಾರ್ ಈಗ ಹೆಂಡತಿಯ ಹಿಂದೆ ಮುಂದೆ ಓಡಾಡುತ್ತಾನೆ. ತೊಟ್ಟಿಲು ತೂಗುತ್ತಾನೆ, ಬಟ್ಟೆ ಒಗೆಯುತ್ತಾನೆ. ಅವಳು ಬೇಕಾದಷ್ಟು ಮಾತಾಡುತ್ತಾಳೆ, ಹೆಚ್ಚಿಲ್ಲ. ಅವನ ಆ ಹೆ ಹೆ ನಗು ನೆನಪಾದರೆ ನನಗೇ ಅವನ ತಟ್ಟೆಗೆ ಬಡಿಸಲು ಕೈ ಬರುವುದಿಲ್ಲ. ಅವಳಿಗೆ ಹೇಗಾಗುತ್ತದೋ.

ಎಲ್ನುರಾಳ ಮನೆಗೆ ನಾನೇ ಒಬ್ಬ ಕೆಲಸಗಾರನನ್ನು ಕರೆದುಕೊಂಡು ಹೋಗಿದ್ದೆ, ಮಿರ್ಲಾನ್ ಅಂಗಡಿಯಲ್ಲಿದ್ದ ಹೊತ್ತಿನಲ್ಲಿ. ಅವಳೇ ಬಾಗಿಲು ತೆಗೆಯಲಿಲ್ಲ. "ಬೇಡ ಅತ್ತೆ, ಆಮೇಲೆ ನನಗೇ ಕಷ್ಟ" ಅಂದಳು ಒಳಗಿಂದ.

ವಸಂತದ ನೊರೂಜ್ ಹಬ್ಬಕ್ಕೆ ಮಿರ್ಲಾನ್ ಬಂದ. ಮಿಠಾಯಿ, ಹೊಸ ಶಾಲು, ನಗು. ಏನೂ ಆಗಿಲ್ಲವೇನೋ ಎಂಬಂತೆ. ಹಬ್ಬದ ದಿನ ಮಗನನ್ನು ಮೆಟ್ಟಿಲಿನಿಂದ ತಿರುಗಿಸಿ ಕಳಿಸಲು ನನ್ನಿಂದ ಆಗಲಿಲ್ಲ. ಬಗ್ಗಿ ನನ್ನ ಕೆನ್ನೆಗೆ ಮುತ್ತಿಟ್ಟು, "ಇನ್ನೂ ಕೋಪನಾ ಅಮ್ಮ?" ಅಂದ.

"ಕೋಪ ಅಲ್ಲ ಕಣೋ" ಅಂದೆ.

ಏನೆಂದು ಅವನು ಕೇಳಲಿಲ್ಲ. ಅವನು ಕೂತು ಬೂಟಿನ ದಾರ ಬಿಚ್ಚುತ್ತಿದ್ದಾಗ ನಾನು ಒಳಗೆ ಹೋಗಿ, ನಲ್ಲಿ ಬಿಟ್ಟು, ಸೋಪು ಹಚ್ಚಿ ಕೆನ್ನೆ ತೊಳೆದುಕೊಂಡೆ.