ಬಾಡಿಗೆ ಮಗನ ಜೊತೆ ಕಣ್ಣಾಸ್ಪತ್ರೆಗೆ

ಇಟ್ಟಮಡುವಿನ ಚಿಕ್ಕಬೈರಪ್ಪನವರ ಬಾಯಿಂದ ಕಷ್ಟದ ಮಾತು ಹೊರಡಿಸೋದೂ ಒಂದೇ, ಕಲ್ಲಿಂದ ನೀರು ಹಿಂಡೋದೂ ಒಂದೇ. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಮನೆ ಕಟ್ಟಿಸಿ, ಮಹಡಿ ಬಾಡಿಗೆಗೆ ಕೊಟ್ಟು, ಹೆಂಡತಿ ಮಂಗಮ್ಮನ ಜೊತೆ ಕೆಳಗಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿದರೂ ಮನೆಯಲ್ಲಿ ತುಟಿ ಪಿಟಕ್ ಅನ್ನಲಿಲ್ಲ.

ಮಂಗಮ್ಮ ತದ್ವಿರುದ್ಧ. ಗಂಡ ಹಾಲು ತರಲು ಹೋಗಿ ತಡವಾದರೆ ಸಾಕು, ನೆಂಟರಿಗೆಲ್ಲ ಫೋನು. ಇವಳಿಗೆ ಹೇಳಿದರೆ ಊರೇ ಬಂದು ಕೂರುತ್ತೆ ಅಂದುಕೊಂಡ ಯಜಮಾನರು, ಕೋಣನಕುಂಟೆಯಲ್ಲಿ ಪಂಚಾಯ್ತಿ ಇದೆ ಅಂತ ಸುಳ್ಳು ಹೇಳಿ ಆಪರೇಷನ್ ಮಾಡಿಸಿಕೊಳ್ಳಲು ಕಣ್ಣಾಸ್ಪತ್ರೆಗೆ ಹೋದರು.

ಅಲ್ಲಿ ಜೊತೆಗೆ ಮನೆಯವರು ಇರಲೇಬೇಕು ಅಂದರು. ಚಿಕ್ಕಬೈರಪ್ಪ ಸೋಲುವವರೇ? ತಾವು ಬಂದ ಆಟೋದ ಡ್ರೈವರ್ ಸೇತುರಾಮನನ್ನೇ ಕರೆತಂದು "ನನ್ನ ಮಗ" ಅಂದುಬಿಟ್ಟರು.

"ನಿಮ್ಮ ಅಪ್ಪಾರು ಬಿಪಿ ಗುಳಿಗಿ ತೊಗೊಂಡಾರೇನ್ರಿ?" ಅಂತ ನರ್ಸ್ ಕೇಳಿದಳು.

ಸೇತುರಾಮ ತಿರುಗಿ, "ಯಜಮಾನ್ರೆ, ನಿಮ್ಗೆ ಬಿಪಿ ಐತಾ?" ಅಂದ.

ನರ್ಸ್ ನಗು ತಡೆಯಲಾರದೆ ಮಾಸ್ಕ್ ಸರಿಸಿದಳು. ನೋಡಿದರೆ ಅವರದೇ ಮಹಡಿಯಲ್ಲಿ ಬಾಡಿಗೆಗಿರುವ, ಕಲಬುರಗಿ ಕಡೆಯ ಪ್ರಿಯಾಂಕಾ! ಯಾವ ಆಸ್ಪತ್ರೆಯಲ್ಲಿ ಕೆಲಸ ಅಂತ ಇವರು ಒಂದು ದಿನವೂ ಕೇಳಿರಲಿಲ್ಲ.

ಬಿಪಿ ಮಿತಿ ಮೀರಿತ್ತು, ಶುಗರ್ ಕೂಡ. ಆಪರೇಷನ್ ಮುಂದಕ್ಕೆ ಹೋಯಿತು. ಹಿಂದೆ ತಪಾಸಣೆಗೆ ಬಂದಾಗಲೂ ಎರಡೂ ಹೀಗೇ ಏರಿದ್ದವು. ಹೀಗೇ ಆದರೆ ಕಣ್ಣಿನ ಗತಿ?

"ಮಾತ್ರೆ ನುಂಗೇ ಬಂದಿದ್ದೀನಲ್ಲ ತಾಯಿ!"

"ಗುಳಿಗಿ ಬೇಕೇ ಬೇಕ್ರಿ ಅಜ್ಜಾರ. ಆದ್ರ ಹೆದರಿಕಿ ಎಲ್ಲಾ ಎದಿಯಾಗ ಇಟ್ಕೊಂಡ್ರ ಮೈಯಾಗ ಅಡ್ರಿನಲಿನ್, ಕಾರ್ಟಿಸಾಲ್ ಅನ್ನೂ ಹಾರ್ಮೋನ್ ಏರತಾವ. ಬಿಪಿ, ಶುಗರ್ ಎರಡೂ ಏರಸ್ತಾವ. ವಯಸ್ಸಾದ ಮ್ಯಾಲ ಕೆಲವ್ರಿಗೆ ಅವು ಇಳಿಯೂದೂ ತಡ."

"ಗಂಡಸಾಗಿ ಹೆದ್ರುಕೊಂಡೆ ಅಂತ ಡಂಗುರ ಸಾರಕ್ಕಾಗುತ್ತಾ?"

"ಡಂಗುರ ಯಾಕ್ರಿ? ನಂಬಿದವ್ರು ಒಬ್ರಿಗೆ ಹೇಳ್ರಿ. ಸಣ್ಣವರಿದ್ದಾಗ ಅತ್ರ ಯಾರೂ ಎತ್ಕೊಳ್ಳಲಿಲ್ಲ ಅಂದ್ರ ಕೆಲವ್ರು ಎಲ್ಲಾ ನುಂಗೂದು ಕಲೀತಾರ. ಕೆಲವ್ರು ಎಲ್ಲಿ ಬಿಟ್ಟು ಹೋಗ್ತಾರೋ ಅಂತ ಗಟ್ಟಿ ಹಿಡ್ಕೋತಾರ. ತಪ್ಪಲ್ಲರಿ ಅದು, ರೂಢಿ. ಯಾವ ವಯಸ್ಸಿನಾಗಾದ್ರೂ ಬದಲಾಗಬಹುದು."

ಚಿಕ್ಕಬೈರಪ್ಪನವರಿಗೆ ಅವ್ವ ತೀರಿಕೊಂಡ ದಿನ ನೆನಪಾಯಿತು. ಪುಟ್ಟ ಹುಡುಗ. "ಗಂಡುಮಕ್ಳು ಅಳ್ತಾರೇನೋ" ಅಂತ ದೊಡ್ಡಪ್ಪ ಗದರಿಸಿ ಹೊಲಕ್ಕೆ ಕಳಿಸಿದ್ದ.

"ಮಂಗಮ್ಮಂಗೆ ಹೇಳ್ಬೇಡ ತಾಯಿ."

"ನಾ ಹೇಳೂಹಂಗಿಲ್ರಿ. ನೀವ ಹೇಳಬೇಕು."

ಮನೆಗೆ ಬಂದು ಎಲ್ಲವನ್ನೂ ಒಪ್ಪಿಸಿ, ರಂಪ ಶುರುವಾಗಲಿ ಅಂತ ಕಾದರು. ಮಂಗಮ್ಮ ಎದುರಿಗೆ ಬಂದು ಕೂತಳು. ಆಮೇಲೆ ನಕ್ಕಳು.

"ಇಷ್ಟೇನಾ? ಅದಕ್ಕೇ ಮೊನ್ನೆ ಮಜ್ಜಿಗೆ ಅಂತ ಅನ್ನಕ್ಕೆ ದೋಸೆಹಿಟ್ಟು ಹುಯ್ಕೊಂಡ್ರಾ!" ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀವು ಬಾಯೇ ಬಿಡ್ತಿರ್ಲಿಲ್ಲ. ಯಾವ್ದೋ ದೊಡ್ಡ ಕಾಯ್ಲೆ ಅಂತ ಒಳಗೊಳಗೇ ಸಾಯ್ತಿದ್ದೆ ಕಣ್ರೀ. ನೀವೇ ಹೇಳಿದ್ರೆ ನಾನ್ಯಾಕೆ ಊರಿಗೆಲ್ಲ ಫೋನ್ ಮಾಡ್ಲಿ?"

ಎಷ್ಟೋ ವರ್ಷದ ಭಾರ ಇಬ್ಬರ ಎದೆಯಿಂದಲೂ ಇಳಿಯಿತು. ಡಾಕ್ಟರು ಮಾತ್ರೆ ಬದಲಾಯಿಸಿದರು. ಸಂಜೆ ಇಬ್ಬರೂ ಪಾರ್ಕಿಗೆ ಹೋಗಿ ಮಾತಾಡುವುದು ರೂಢಿಯಾಯಿತು. ಮುಂದಿನ ಸಲ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಮಂಗಮ್ಮನೇ ಕೂತಿದ್ದಳು. ಬಿಪಿ ಹದದಲ್ಲಿತ್ತು.

ಒಳಗೆ ಕರೆದಾಗ ಚಿಕ್ಕಬೈರಪ್ಪ ಎದ್ದು, ನಿಂತು, ಹೆಂಡತಿಯ ಕೈ ಹಿಡಿದುಕೊಂಡರು.

"ಭಯ ಆಗ್ತಿದೆ ಕಣೆ."

"ನಂಗೂ ಆಗ್ತಿದೆ. ಹೋಗ್ಬನ್ನಿ, ಇಲ್ಲೇ ಇರ್ತೀನಿ."

ಆಪರೇಷನ್ ಸುಸೂತ್ರವಾಗಿ ಮುಗಿಯಿತು.

ಹಿರಿಯರೇ, ನೀವೂ ಯಾವುದೋ ಭಯವನ್ನು ನುಂಗಿಕೊಂಡು ಕೂತಿದ್ದೀರಾ? ಮಾತ್ರೆ ತಪ್ಪಿಸಬೇಡಿ, ಡಾಕ್ಟರ ಮಾತು ಮೀರಬೇಡಿ. ಜೊತೆಗೆ, ನಂಬಿದ ಒಬ್ಬರ ಮುಂದೆ ಬಾಯಿಬಿಡಿ. ಅಂಥವರು ಯಾರೂ ಇಲ್ಲ ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕಾಸು ಬೇಡ. ಮನೆಯ ಕಿರಿಯರೇ, ಅಜ್ಜ ಸುಮ್ಮನಿದ್ದಾರೆ ಅಂದರೆ ಚೆನ್ನಾಗಿದ್ದಾರೆ ಅಂತಲ್ಲ. ಇವತ್ತೇ ಹತ್ತಿರ ಕೂತು ಕೇಳಿ.